ನೀಲಿ ಗೆರೆ, ಕೆಂಪು ಗೆರೆ: ಆನರ್ಸ್ ಓದುವವರಿಗೆ ಸಪ್ತಾಪುರದ ಝೆರಾಕ್ಸ್ ಅಂಗಡಿಯಿಂದ

"ಅಕ್ಕಾ, ಇವತ್ತ ಲಾಸ್ಟ್ ಡೇಟ್ ಐತ್ರಿ. ಒಂದ್ ಫಾರ್ಮ್ ತುಂಬಬೇಕಿತ್ತು."

ರಾತ್ರಿ ಎಂಟೂ ಮುಕ್ಕಾಲು. ಶಟರ್ ಅರ್ಧ ಇಳಿಸಿದ್ದೆ. ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಮಾರ್ಕ್ಸ್ ಕಾರ್ಡು. ಫಿಸಿಕ್ಸಿನಲ್ಲಿ ಒಳ್ಳೊಳ್ಳೆ ಅಂಕ ಇದ್ದವು. ಪಾಪ ಅನ್ನಿಸಿತು, ಕಂಪ್ಯೂಟರ್ ಮತ್ತೆ ಆನ್ ಮಾಡಿದೆ. ಹೆಸರು, ಹುಟ್ಟಿದ ದಿನ ಹಾಕಿದೆವು. ಒಟಿಪಿ ಹೋಯಿತು. ಹೋಗಿದ್ದು ಅವನ ಫೋನಿಗಲ್ಲ, ಶಿರಹಟ್ಟಿ ಕಡೆಯ ಊರಲ್ಲಿರುವ ಅಪ್ಪನ ಫೋನಿಗೆ. ಅಪ್ಪ ಹೊಲಕ್ಕೆ ನೀರು ಬಿಡಲು ಹೋಗಿದ್ದರು, ಫೋನು ಮನೆಯಲ್ಲಿ ಚಾರ್ಜಿಗಿತ್ತು. ತಂಗಿ ಎತ್ತಿ ಆರು ಅಂಕಿ ಓದುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಮತ್ತೆ ಕಳಿಸಿದೆವು, ಮತ್ತೆ ಫೋನ್ ಹಚ್ಚಿದೆವು. ಹನ್ನೊಂದು ಗಂಟೆಗೆ ಕೊನೆಯ ಪುಟ ಬಂತು. ಅಧ್ಯಾಪಕರ ಶಿಫಾರಸು ಪತ್ರ ಬಂದರೆ ಮಾತ್ರ ಅರ್ಜಿ ಪೂರ್ತಿಯಾಗುತ್ತದೆ ಎಂದು ಬರೆದಿತ್ತು. ಅವನು ಯಾವ ಸರ್‌ಗೂ ಒಂದು ಮಾತು ಹೇಳಿರಲಿಲ್ಲ.

ನಾನು ಧಾರವಾಡದ ಸಪ್ತಾಪುರದಲ್ಲಿ 2011ರಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನು, ಒಂದು ಲ್ಯಾಮಿನೇಶನ್ ಮಷೀನು. ಸುತ್ತ ಎಲ್ಲ ಕೋಚಿಂಗ್ ಕ್ಲಾಸು, ಪಿಜಿ, ಓದುವ ಲೈಬ್ರರಿ. ಪೊಲೀಸ್ ಪರೀಕ್ಷೆಯ ಅರ್ಜಿ ಜಾಸ್ತಿ ಬರುತ್ತವೆ, ಪಿಡಿಒ ಅರ್ಜಿ ಬರುತ್ತವೆ. ಆ ಮಕ್ಕಳಿಗೆ ಕೊನೆಯ ದಿನ ಯಾವುದೆಂದು ನಾನು ಹೇಳಬೇಕಾಗಿಲ್ಲ, ಅವರ ಬಾಯಲ್ಲೇ ಇರುತ್ತದೆ. ದಿನ ತಪ್ಪಿಸಿಕೊಂಡು ಬರುವವರು ಡಿಗ್ರಿಯಲ್ಲಿ ಚೆನ್ನಾಗಿ ಓದುವವರು. ಕ್ಲಾಸಿಗೆ ಫಸ್ಟ್ ಬರುವವರೇ ಬರುತ್ತಾರೆ, ಬಂದು ಬೈಸಿಕೊಳ್ಳುತ್ತಾರೆ. ಓದೋದು ಒಂದೇ ಕೆಲಸ, ಉಳಿದಿದ್ದು ತಾನಾಗಿ ಆಗುತ್ತದೆ ಎಂದು ಅವರಿಗೆ ಯಾರೋ ಹೇಳಿರುತ್ತಾರೆ.

ನನಗೂ ಹಾಗೇ ಹೇಳಿದ್ದರು. 2007ರಲ್ಲಿ ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಬೆಂಗಳೂರಿನ ಒಂದು ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿದ್ದೆ. ನಮ್ಮ ಲೆಕ್ಚರರ್ "ಕೊಡ್ತೀನಿ ನಡಿ" ಅಂದರು. ಎರಡನೇ ಸಲ ಕೇಳಲು ನನಗೆ ನಾಚಿಕೆ. ಪತ್ರ ಅಂಚೆಗೆ ಬಿದ್ದದ್ದು ಕೊನೆಯ ದಿನ ಕಳೆದು ನಾಲ್ಕು ದಿನಕ್ಕೆ. ಅವರದು ತಪ್ಪು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಕೌಂಟರಿನ ಈ ಕಡೆ ಕೂತು ನೋಡಿದರೆ ಅರ್ಧ ತಪ್ಪು ನನ್ನದೇ ಅನ್ನಿಸುತ್ತದೆ.

ಅದಕ್ಕೇ ನಮ್ಮ ಅಂಗಡಿ ಗೋಡೆಯಲ್ಲಿ ದೊಡ್ಡ ಕ್ಯಾಲೆಂಡರ್ ಇದೆ. ಜಾಹೀರಾತಿನಲ್ಲಿರುವ ಕೊನೆಯ ದಿನಕ್ಕೆ ಕೆಂಪು ಗೆರೆ. ಅದಕ್ಕಿಂತ ಮೂರು ವಾರ ಹಿಂದೆ ನೀಲಿ ಗೆರೆ. ನೀಲಿ ಗೆರೆಯ ದಿನ ಕೆಲಸ ಶುರುವಾಗಬೇಕು. ಮೂರು ವಾರ ಯಾಕೆ ಅಂತೀರಾ? ಅರ್ಜಿ ತುಂಬಲು ನಲವತ್ತು ನಿಮಿಷ ಸಾಕು. ಆದರೆ ಅದಕ್ಕೆ ಬೇಕಾದ ಕಾಗದಗಳಲ್ಲಿ ಯಾವುದು ಎಲ್ಲಕ್ಕಿಂತ ತಡವಾಗಿ ಕೈಗೆ ಬರುತ್ತದೋ, ನಿಮ್ಮ ಲೆಕ್ಕ ಅಲ್ಲಿಂದ ಹಿಡಿಯಬೇಕು. ಒಬ್ಬರಿಗೆ ಅದು ಸರ್ ಪತ್ರ, ಇನ್ನೊಬ್ಬರಿಗೆ ತಲಾಠಿ (ಗ್ರಾಮ ಲೆಕ್ಕಿಗರ) ವರದಿ, ಮತ್ತೊಬ್ಬರಿಗೆ ಅಪ್ಪನ ಫೋನು.

ಮೊದಲು ನೀವು ಯಾವ ಆನರ್ಸ್ ಎಂದು ತಿಳಿದುಕೊಳ್ಳಿ

ಇದನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ 2021-22ರಲ್ಲಿ ಶುರುವಾಯಿತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ನಡುವಿನ ಮೂರು ವರ್ಷ ಸೇರಿದವರಿಗೆ ಮಾತ್ರ ಬೇಕಾದರೆ ನಾಲ್ಕನೇ ವರ್ಷ ಓದುವ ದಾರಿ ಉಳಿಯಿತು. ಒಂದೇ ಹಾಸ್ಟೆಲ್ ರೂಮಿನಲ್ಲಿ ಇಬ್ಬರಿಗೆ ಎರಡು ನಿಯಮ ಇರುವುದು ಹೀಗೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಇನ್ನೊಂದು ಲೆಕ್ಕ.

ನಾಲ್ಕನೇ ವರ್ಷ ಓದುವವರು ಒಂದು ಸಂಖ್ಯೆ ನೆನಪಿಡಿ: 75. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಬಂದವರು ನಾಲ್ಕನೇ ವರ್ಷ ಸಂಶೋಧನೆಯ ದಾರಿ ಹಿಡಿಯಬಹುದು. ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಇದ್ದರೆ ಎಂಎ, ಎಂಎಸ್ಸಿ ಮಾಡದೆ ನೇರವಾಗಿ ಪಿಎಚ್‌ಡಿಗೂ ಅರ್ಜಿ ಹಾಕಬಹುದು. 2024ರಿಂದ ಎಂಟನೇ ಸೆಮಿಸ್ಟರಿನಲ್ಲಿರುವವರೇ ಯುಜಿಸಿ ನೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಬರೆಯಬಹುದು. "ಅಕ್ಕಾ, 74.6 ಐತಿ, ನಡಿತೈತಾ?" ಎಂದು ಒಬ್ಬಳು ಕೇಳಿದ್ದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಸೆಮ್‌ನಲ್ಲಿ ಭಾಷಾ ಪೇಪರನ್ನು ಸುಮ್ನೆ ಬಿಟ್ಟಿದ್ದಳಂತೆ, ಹೆಂಗೂ ಮೇಜರ್ ಅಲ್ವಲ್ಲ ಎಂದು.

ಬೇಸಿಗೆಯ ಕೆಲಸ ಮಳೆಗಾಲ ಮುಗಿಯುವಾಗಲೇ ಶುರು

ಎಲ್ಲಕ್ಕಿಂತ ಜಾಸ್ತಿ ಮಕ್ಕಳು ತಪ್ಪಿಸಿಕೊಳ್ಳುವುದು ಇದನ್ನೇ. ಮೇ ತಿಂಗಳಿನ ಅವಕಾಶವನ್ನು ಏಪ್ರಿಲ್‌ನಲ್ಲಿ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಆಯ್ಕೆಯಾದವರು ರೈಲು ಟಿಕೆಟ್ ಬುಕ್ ಮಾಡಿರುತ್ತಾರೆ.

ವಿಜ್ಞಾನದವರಿಗೆ ದೊಡ್ಡದು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಅದರ ಕಚೇರಿ ಕೆಲಸ ನೋಡಿಕೊಳ್ಳುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ನಿಜವಾದ ಕೆಲಸ. ಸ್ಟೈಪೆಂಡ್ ಇರುತ್ತದೆ. ಅರ್ಜಿ ಸಾಮಾನ್ಯವಾಗಿ ದಸರೆ-ದೀಪಾವಳಿ ಹೊತ್ತಿಗೆ ತೆರೆದು ನವೆಂಬರ್ ಆಸುಪಾಸಿನಲ್ಲಿ ಮುಚ್ಚುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಬೇಸಿಗೆ ಫೆಲೋಶಿಪ್‌ದೂ ಚಳಿಗಾಲದ ಅರ್ಜಿಯೇ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನವರ ಬೇಸಿಗೆ ಕಾರ್ಯಕ್ರಮ ವಿಎಸ್‌ಆರ್‌ಪಿ ಹೊಸ ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಗಣಿತದವರಿಗೆ ಎಂಟಿಟಿಎಸ್ ಎಂಬ ಶಿಬಿರ 1993ರಿಂದ ನಡೆಯುತ್ತಿದೆ. ಸೂತ್ರ ಬಾಯಿಪಾಠ ಮಾಡಿದವರಿಗೆ ಅಲ್ಲಿ ಮೊದಲ ವಾರ ಬಹಳ ಕಷ್ಟ, ಆಮೇಲೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ ಎಂದು ಹೋಗಿ ಬಂದವರು ಹೇಳುತ್ತಾರೆ. ಪ್ರತಿ ವರ್ಷ ದಿನಾಂಕ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ನಾನು ಕ್ಯಾಲೆಂಡರಿನಲ್ಲಿ ಹೋದ ವರ್ಷದ ದಿನಕ್ಕೆ ಪೆನ್ಸಿಲ್ ಗುರುತು ಹಾಕುತ್ತೇನೆ. ಹೊಸ ಪ್ರಕಟಣೆ ಬಂದ ಮೇಲೆ ಕೆಂಪು ಪೆನ್ನು.

ಈಗ ಸರ್ ಪತ್ರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಪತ್ರ ಕೇಳುವುದಕ್ಕೆ ಕಾರಿಡಾರಿನಲ್ಲಿ ಅಡ್ಡ ನಿಲ್ಲಬೇಡಿ. ಅವರು ಕ್ಲಾಸಿಗೆ ಹೊರಟಿರುತ್ತಾರೆ, "ಹೂಂ" ಅನ್ನುತ್ತಾರೆ, ಮರೆಯುತ್ತಾರೆ. ಸ್ಟಾಫ್ ರೂಮಿನಲ್ಲಿ ಕೂತಿರುವಾಗ ಒಂದು ಹಾಳೆ ಹಿಡಿದುಕೊಂಡು ಹೋಗಿ. ಹಾಳೆಯಲ್ಲಿ ಇಷ್ಟಿರಲಿ: ನಿಮ್ಮ ಹೆಸರು, ಸೆಮಿಸ್ಟರ್, ಅವರ ಯಾವ ಪೇಪರಿನಲ್ಲಿ ಎಷ್ಟು ಅಂಕ, ಅವರ ಲ್ಯಾಬಿನಲ್ಲಿ ನೀವು ಮಾಡಿದ ನೆನಪಿಡುವಂಥ ಒಂದು ಕೆಲಸ, ಫೆಲೋಶಿಪ್ ಹೆಸರು, ಪತ್ರ ಸೇರಬೇಕಾದ ದಿನ. ಆ ದಿನವನ್ನು ಒಂದು ವಾರ ಹಿಂದೆ ಹಾಕಿ, ಅದೇನು ಮಹಾಪಾಪ ಅಲ್ಲ. ಯಾವ ಇಮೇಲಿಗೆ ಲಿಂಕ್ ಬರಬೇಕೆಂದು ಕೇಳಿ, ಅವರ ಕೈಯಲ್ಲೇ ಹಾಳೆಯ ಮೇಲೆ ಬರೆಸಿಕೊಳ್ಳಿ. ನೀವೇ ಕೇಳಿಸಿಕೊಂಡು ಬರೆದರೆ ಒಂದು ಅಕ್ಷರ ತಪ್ಪುತ್ತದೆ. ತಪ್ಪಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಆ ಲಿಂಕ್ ಯಾರಿಗೋ ಹೋಯಿತು.

ಲಿಂಕ್ ಹೋದ ದಿನ ಅವರಿಗೆ ಒಂದು ಮೆಸೇಜ್ ಹಾಕಿ: "ಸರ್, ಇವತ್ತು ನಿಮ್ಮ ಮೇಲ್‌ಗೆ ಲಿಂಕ್ ಬಂದಿದೆ. ಇನ್‌ಬಾಕ್ಸಿನಲ್ಲಿ ಇಲ್ಲದಿದ್ದರೆ ಸ್ಪ್ಯಾಮ್‌ನಲ್ಲಿ ಇರಬಹುದು ರೀ." ಒಂದು ವಾರ ಬಿಟ್ಟು ಇನ್ನೊಂದು. ಮೂರು ದಿನ ಇರುವಾಗ ಹೋಗಿ ಮುಖ ತೋರಿಸಿ, ಅಷ್ಟೇ. ಮುಖ ನೋಡಿದರೆ ನೆನಪಾಗುತ್ತದೆ. ಸರ್ ಏನಂದುಕೊಳ್ಳುತ್ತಾರೋ ಎಂದು ಹೆದರುವವರಿಗೆ ಒಂದು ಮಾತು. ಅವರಿಗೆ ಇಂಟರ್ನಲ್ಸ್, ವ್ಯಾಲ್ಯುವೇಶನ್, ಚುನಾವಣೆ ಡ್ಯೂಟಿ ಎಲ್ಲ ಇರುತ್ತದೆ. ನೆನಪಿಸಿದ್ದಕ್ಕೆ ಬೈದವರನ್ನು ನಾನು ಕಂಡಿಲ್ಲ. ನೆನಪಿಸದೆ ಕೆಟ್ಟವರನ್ನು ಬೇಕಾದಷ್ಟು ಕಂಡಿದ್ದೇನೆ.

"ನೀನೇ ಬರಕೊಂಡ ಬಾ, ಸಹಿ ಹಾಕ್ತೀನಿ" ಅನ್ನುವವರೂ ಇದ್ದಾರೆ. ಆಗ ಹೊಗಳಿಕೆ ಬರೆದುಕೊಂಡು ಹೋಗಬೇಡಿ. ನೀವು ಮಾಡಿದ ಕೆಲಸದ ನಾಲ್ಕು ಅಂಶ ಬರೆದುಕೊಡಿ, ಮಾತು ಅವರೇ ಜೋಡಿಸಲಿ.

ಇನ್ನು ನಿಮ್ಮದೇ ಬರಹ. ಅರ್ಜಿಯಲ್ಲಿ "ನೀವು ಏನು ಮಾಡಬೇಕೆಂದಿದ್ದೀರಿ" ಎಂದು ಚಿಕ್ಕ ಟಿಪ್ಪಣಿ ಕೇಳುತ್ತಾರೆ. ನನ್ನ ಹತ್ತಿರ ಟೈಪ್ ಮಾಡಿಸಲು ಬರುವ ಹತ್ತರಲ್ಲಿ ಎಂಟು ಒಂದೇ ಥರ ಇರುತ್ತವೆ: "ನನಗೆ ಚಿಕ್ಕಂದಿನಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ. ಅಬ್ದುಲ್ ಕಲಾಂ ನನ್ನ ಸ್ಫೂರ್ತಿ. ದೇಶಕ್ಕೆ ಏನಾದರೂ ಕೊಡುಗೆ ನೀಡಬೇಕು." ಟೈಪ್ ಮಾಡಿ ಮಾಡಿ ನನಗೇ ಬಾಯಿಪಾಠ ಆಗಿದೆ. ಓದುವವರು ಇಂಥದ್ದನ್ನು ಸಾವಿರಗಟ್ಟಲೆ ಓದಿರುತ್ತಾರೆ.

ಸವಣೂರು ಕಡೆಯ ಒಬ್ಬಳು ಇದನ್ನೇ ತಂದಿದ್ದಳು. ಬೆರಳಚ್ಚಿಗೆ ಕೂರುವ ಮುಂಚೆ ಸುಮ್ನೆ ಮಾತಿಗೆ ಎಳೆದೆ. ಲ್ಯಾಬಿನಲ್ಲಿ ಯಾವ ಎಕ್ಸ್‌ಪೆರಿಮೆಂಟ್ ಜಾಸ್ತಿ ಕಾಡಿತು? ಸೋಡಿಯಂ ದೀಪ, ಗ್ರೇಟಿಂಗ್, ಸ್ಪೆಕ್ಟ್ರೋಮೀಟರ್ ಅಂದಳು. ಪುಸ್ತಕದ ಪ್ರಕಾರ ಹಳದಿ ಗೆರೆ ಎರಡು, 589.0 ಮತ್ತು 589.6 ನ್ಯಾನೋಮೀಟರ್. ಇವರಿಗೆ ಒಂದೇ ದಪ್ಪ ಗೆರೆ ಕಾಣುತ್ತಿತ್ತು. ಜೊತೆಯವರು ಹಳೇ ರೆಕಾರ್ಡ್ ನೋಡಿ ರೀಡಿಂಗ್ ಬರೆದು ಹೋದರು. ಇವಳು ಎರಡು ಮಧ್ಯಾಹ್ನ ಕೂತು ಸ್ಲಿಟ್ ಸಣ್ಣ ಮಾಡುತ್ತಾ ಹೋಗಿ, ಎರಡನೇ ಆರ್ಡರಿನಲ್ಲಿ ನೋಡಿದಾಗ ಗೆರೆ ಒಡೆದು ಎರಡಾಯಿತು. "ಕೂದಲೆಳಿಯಷ್ಟ ಸಂದು ಕಾಣ್ತು ಅಕ್ಕಾ" ಅಂದಳು. ಹೇಳುವಾಗ ಅವಳ ಎರಡು ಬೆರಳು ತಾವಾಗಿಯೇ ಹತ್ತಿರ ಬಂದವು.

ಅದನ್ನೇ ಬರೆಯವ್ವಾ ಅಂದೆ. ಬರೆದಳು. ಮೊದಲ ವಾಕ್ಯ "ನಾಲ್ಕನೇ ಸೆಮಿಸ್ಟರಿನಲ್ಲಿ ಸೋಡಿಯಂನ ಎರಡು ಗೆರೆಗಳನ್ನು ಬೇರೆ ಮಾಡಿ ನೋಡಲು ನನಗೆ ಎರಡು ಮಧ್ಯಾಹ್ನ ಹಿಡಿಯಿತು." ಆಮೇಲೆ ತಾನೇನು ಬದಲಿಸಿದೆ, ಏನು ಕಂಡಿತು, ಇದಕ್ಕಿಂತ ಸಣ್ಣ ಅಂತರವನ್ನು ಹೇಗೆ ಅಳೆಯುತ್ತಾರೆ ಎಂದು ಕಲಿಯಬೇಕು, ಅಷ್ಟೇ. ಕಲಾಂ ಹೋದರು, ದೇಶ ಹೋಯಿತು. ಅವಳ ಹಾಳೆ ಎಂದು ನೋಡಿದರೇ ಗೊತ್ತಾಗುವಂತಾಯಿತು. ಇಂಗ್ಲಿಷಿಗೆ ನಾವಿಬ್ಬರೂ ಕೂತು ತಿರುಗಿಸಿದೆವು, ಚಿಕ್ಕ ಚಿಕ್ಕ ವಾಕ್ಯದಲ್ಲಿ. ನೀವೂ ಮೊದಲು ಕನ್ನಡದಲ್ಲಿ ಬರೆಯಿರಿ. ಹೇಳಲು ನಿಮ್ಮ ಹತ್ತಿರ ಏನಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಸಮ ಸೆಮಿಸ್ಟರಿನ ಪರೀಕ್ಷೆ ಜೂನ್-ಜುಲೈಗೂ ಜಾರುತ್ತದೆ, ಬೇಸಿಗೆ ಫೆಲೋಶಿಪ್ ಅದೇ ಹೊತ್ತಿಗೆ. ಆಯ್ಕೆ ಪತ್ರ ಬಂದ ದಿನವೇ ಗೈಡ್‌ಗೆ ಬರೆದು ಪರೀಕ್ಷೆಯ ವೇಳಾಪಟ್ಟಿ ತಿಳಿಸಿ, ಸೇರುವ ದಿನ ಹೊಂದಿಸಿಕೊಳ್ಳಬಹುದಾ ಎಂದು ಕೇಳಿ. ಕೇಳದೆ ಸೀಟು ಬಿಟ್ಟವರಿದ್ದಾರೆ.

ಜಾಮ್ ಬರೆದು ಪಾಸಾಗಿ ಸೀಟು ಕಳೆದುಕೊಳ್ಳುವುದು

ಐಐಟಿಗಳಲ್ಲಿ ಎಂಎಸ್ಸಿ ಮಾಡಲು ಜಾಮ್ ಪರೀಕ್ಷೆ. ಭೌತ, ರಸಾಯನ, ಗಣಿತ, ಗಣಿತೀಯ ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಬಯೋಟೆಕ್ನಾಲಜಿ, ಅರ್ಥಶಾಸ್ತ್ರ ಎಂದು ಏಳು ಪೇಪರ್. ಬೇಕಾದರೆ ಎರಡು ಬರೆಯಬಹುದು. ಅರ್ಥಶಾಸ್ತ್ರದವರಿಗೆ ಇದು ತಮಗೂ ಇದೆ ಎಂದೇ ಗೊತ್ತಿರುವುದಿಲ್ಲ, ಬಿಎ ಹುಡುಗರೇ ಗಮನಿಸಿ. ಅರ್ಜಿ ಸೆಪ್ಟೆಂಬರ್-ಅಕ್ಟೋಬರ್, ಪರೀಕ್ಷೆ ಫೆಬ್ರವರಿ. 2025ರಲ್ಲಿ ಫೆಬ್ರವರಿ 2ಕ್ಕೆ ಇತ್ತು. ಹುಡುಗಿಯರಿಗೆ ಯಾವ ವರ್ಗವಾದರೂ ಶುಲ್ಕ ಅರ್ಧ. ಮನೆಯಲ್ಲಿ ದುಡ್ಡಿನ ಮಾತು ಬಂದರೆ ಇದನ್ನು ಹೇಳಿ.

ಪರೀಕ್ಷೆಗೆ ಓದುವುದನ್ನು ನಾನು ಹೇಳಿಕೊಡಲಾರೆ. ಆದರೆ ರ‍್ಯಾಂಕ್ ಬಂದ ಮೇಲೆ ಏನು ಮಾಡಬೇಕೆಂಬುದು ನನ್ನ ಕೆಲಸ. ಮಾರ್ಚಿನಲ್ಲಿ ರಿಸಲ್ಟ್ ಬಂತು ಎಂದಾಕ್ಷಣ ಪೇಡೆ ಹಂಚಿ ಕೂರಬೇಡಿ. ಸೀಟಿಗೆ ಮತ್ತೊಂದು ಅರ್ಜಿ ಇದೆ, ಜೋಪ್ಸ್ ಎಂಬ ಪೋರ್ಟಲ್‌ನಲ್ಲಿ, ರಿಸಲ್ಟಿನ ಬೆನ್ನಿಗೇ ತೆರೆದು ಬೇಗ ಮುಚ್ಚುತ್ತದೆ. ಎನ್‌ಐಟಿಗಳ ಸೀಟಿಗೆ ಸಿಸಿಎಂಎನ್ ಎಂದು ಇನ್ನೊಂದು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ ಬೇಕಾದರೆ ಅಲ್ಲಿಗೂ ಪ್ರತ್ಯೇಕ ಅರ್ಜಿ. ಇವು ಮೂರೂ ಜಾಮ್ ಅಂಕವನ್ನೇ ನೋಡುತ್ತವೆ, ಆದರೆ ಅಂಕ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಒಳ್ಳೆ ರ‍್ಯಾಂಕ್ ಇಟ್ಟುಕೊಂಡು ಮೇ ತಿಂಗಳಲ್ಲಿ "ಕಾಲ್ ಲೆಟರ್ ಬರಲೇ ಇಲ್ಲ ಅಕ್ಕಾ" ಎಂದು ಬಂದವನಿಗೆ ನಾನೇ ಹೇಳಬೇಕಾಯಿತು. ಚಹಾ ತರಿಸಿಕೊಟ್ಟೆ, ಇನ್ನೇನು ಮಾಡಲಿ. ಜಾಮ್ ಅಂಕ ಆ ವರ್ಷಕ್ಕೆ ಮಾತ್ರ.

ಎಂಟೆಕ್, ಪಿಎಚ್‌ಡಿಗೆ ನೋಡುವ ಗೇಟ್ ಪರೀಕ್ಷೆಯ ಅಂಕ ಮಾತ್ರ ಮೂರು ವರ್ಷ ನಡೆಯುತ್ತದೆ, ಡಿಗ್ರಿ ಮೂರನೇ ವರ್ಷದಲ್ಲಿರುವವರೂ ಬರೆಯಬಹುದು. ಅರ್ಜಿ ಆಗಸ್ಟ್ ಕೊನೆಯಿಂದ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ, ನಮ್ಮ ಕಲಬುರಗಿಯ ಕಡಗಂಚಿಯದೂ ಸೇರಿ, ಸಿಯುಇಟಿ ಪಿಜಿ ಎಂಬ ಪ್ರವೇಶ ಪರೀಕ್ಷೆ. ಅದರ ಅರ್ಜಿ ಚಳಿಗಾಲದಲ್ಲಿ. ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ. ಜನವರಿಯಲ್ಲಿ ಭೌತಶಾಸ್ತ್ರದವರಿಗೆ ಎನ್‌ಜಿಪಿಇ ಎಂಬ ರಾಷ್ಟ್ರಮಟ್ಟದ ಪರೀಕ್ಷೆ, ಗಣಿತದವರಿಗೆ ಮಾಧವ ಸ್ಪರ್ಧೆ ಇರುತ್ತವೆ. ಇವಕ್ಕೆ ಹೆಸರು ಕೊಡುವ ಕೆಲಸ ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ. ದಸರೆ ರಜೆಗೆ ಊರಿಗೆ ಹೋಗುವ ಮುಂಚೆ ನಿಮ್ಮ ಎಚ್‌ಒಡಿಯನ್ನು ಕೇಳಿ ಹೋಗಿ.

ದುಡ್ಡು

ಪಿಯುಸಿಯಲ್ಲಿ ಬೋರ್ಡಿನ ಮೊದಲ ಶೇ. 1ರೊಳಗೆ ಬಂದು ಮೂಲವಿಜ್ಞಾನಕ್ಕೆ ಸೇರಿದವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆ ಪ್ರಾಜೆಕ್ಟಿಗೆ. ಅರ್ಜಿ ಹಾಕುವುದು ಮೊದಲ ವರ್ಷದಲ್ಲಿ. ಮೂರನೇ ವರ್ಷದಲ್ಲಿ ಗೊತ್ತಾಗಿ ಬಂದವರಿಗೆ ನಾನು ಏನೂ ಮಾಡಲಾರೆ, ಅದಕ್ಕೇ ಇದನ್ನು ಓದುವ ಮೊದಲ ವರ್ಷದವರು ಇವತ್ತೇ ಅಂಕಪಟ್ಟಿ ತೆಗೆದು ನೋಡಿ. ಪಿಯುಸಿಯಲ್ಲಿ ಬೋರ್ಡಿನ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ವರ್ಷಕ್ಕೆ 12,000 ಬರುವ ಯೋಜನೆ ಇದೆ. ಪ್ರತಿ ವರ್ಷ ರಿನೀವಲ್ ಮಾಡಬೇಕು. ರಾಜ್ಯದ ಪೋಸ್ಟ್ ಮೆಟ್ರಿಕ್ ವೇತನಕ್ಕೆ ಎಸ್‌ಎಸ್‌ಪಿ ಎಂಬ ರಾಜ್ಯದ ಪೋರ್ಟಲ್. ಅಲ್ಲಿ ದಾಖಲೆಗಳ ಇ-ಅಟೆಸ್ಟೇಶನ್ (ಆನ್‌ಲೈನ್ ದೃಢೀಕರಣ) ಆಗದೆ ಅರ್ಜಿ ಮುಂದೆ ಹೋಗುವುದಿಲ್ಲ. ಅದನ್ನು ಮಾಡುವ ಅಧಿಕಾರಿ ರಜೆಯಲ್ಲಿದ್ದರೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಈ ದುಡ್ಡು ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ನೀವು ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಕೊಟ್ಟಿರಿ ಎನ್ನುವುದಕ್ಕಿಂತ ಯಾವ ಬ್ಯಾಂಕಿಗೆ ಕೊನೆಯ ಸಲ ಆಧಾರ್ ಲಿಂಕ್ ಮಾಡಿಸಿದಿರಿ ಅನ್ನುವುದು ಮುಖ್ಯ. "ಬಂದಿಲ್ಲ" ಎಂದು ವರ್ಷಗಟ್ಟಲೆ ಅಲೆದ ಹುಡುಗನ ದುಡ್ಡು ಅವನು ಮರೆತೇಬಿಟ್ಟಿದ್ದ ಹಳೇ ಖಾತೆಯಲ್ಲಿ ತಣ್ಣಗೆ ಕೂತಿತ್ತು.

ಜಾತಿ ಆದಾಯದ ಪ್ರಮಾಣ ಪತ್ರದಲ್ಲೂ ಒಂದು ಗುಂಡಿ ಇದೆ. ನಾಡಕಚೇರಿಯಿಂದ ತಂದ 2ಎ, 3ಬಿ ಪತ್ರ ರಾಜ್ಯದ ಕೆಲಸಕ್ಕೆ. ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕೇಂದ್ರದ ನಮೂನೆಯ ಒಬಿಸಿ ಕೆನೆಪದರವಲ್ಲದ ಪತ್ರ ಬೇಕು. ಅದೂ ಅವರು ಹೇಳಿದ ಹಣಕಾಸು ವರ್ಷದ್ದೇ ಆಗಿರಬೇಕು. ರಾಜ್ಯದ ಪಟ್ಟಿಯಲ್ಲಿದ್ದ ಜಾತಿ ಎಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ, ಮೊದಲು ಅದನ್ನು ನೋಡಿ. ತಲಾಠಿ ವರದಿ ಆಗಬೇಕು, ತಹಶೀಲ್ದಾರರ ಸಹಿ ಆಗಬೇಕು. ಇದಕ್ಕೆ ಮೂರು ವಾರದ ನೀಲಿ ಗೆರೆಯೂ ಸಾಲದು, ಏಪ್ರಿಲ್ ಕಳೆದ ಮೇಲೆ ಊರಿಗೆ ಹೋದಾಗಲೇ ಅರ್ಜಿ ಕೊಟ್ಟು ಬನ್ನಿ.

ಕಲಾ ವಿಭಾಗದವರಿಗೆ

ನೀವು "ನಮಗೇನೂ ಇಲ್ಲ ಬಿಡ್ರಿ" ಅನ್ನುತ್ತೀರಿ. ನಿಮ್ಮ ಕಾಲ ಬುಡದಲ್ಲೇ ಇದೆ. ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆ ಇದೆ, 1939ರಲ್ಲಿ ಶುರುವಾದದ್ದು. 1890ರ ವಿದ್ಯಾವರ್ಧಕ ಸಂಘ ಇದೆ. ಸಮಾಜ ವಿಜ್ಞಾನದವರಿಗೆ ಸಿಎಂಡಿಆರ್ ಎಂಬ ಸಂಶೋಧನಾ ಕೇಂದ್ರ ಇದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಇದೆ. ಪ್ರಾಜೆಕ್ಟ್ ಮಾಡುವವರು ಗೂಗಲ್‌ನಿಂದ ಕಾಪಿ ಹೊಡೆದು ನನ್ನ ಹತ್ತಿರ ಸ್ಪೈರಲ್ ಬೈಂಡಿಂಗ್ ಮಾಡಿಸುವ ಬದಲು ಒಂದು ದಿನ ಈ ಲೈಬ್ರರಿಗಳಲ್ಲಿ ಕೂತು ನೋಡಿ.

ಒಂದು ವಿಷಯ ಮಾತ್ರ ಹೇಳಿ ಬಿಡುತ್ತೇನೆ. ಪ್ರಾಜೆಕ್ಟ್ ಸಲ್ಲಿಸುವ ದಿನ ಒಂದು, ನೀವು ನೋಡಲು ಹೊರಟ ವಸ್ತುವಿನ ಕಾಲ ಇನ್ನೊಂದು. ಅರ್ಥಶಾಸ್ತ್ರದ ಒಬ್ಬ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಮೇಲೆ ಪ್ರಾಜೆಕ್ಟ್ ಇಟ್ಟುಕೊಂಡ. ಪ್ರಶ್ನಾವಳಿ ನೂರು ಪ್ರತಿ ನನ್ನ ಹತ್ತಿರವೇ ಝೆರಾಕ್ಸ್ ಮಾಡಿಸಿದ. ಹೋಗಿದ್ದು ಆಗಸ್ಟಿನಲ್ಲಿ. ಆವಕ ಜೋರಾಗಿ ಇರುವುದು ಜನವರಿಯಿಂದ ಮಾರ್ಚ್. ಆಗ ಪ್ರಾಂಗಣದ ತುಂಬ ಕೆಂಪು ಚೀಲ, ಸೀನು ಬಂದು ಮಾತಾಡುವುದೇ ಕಷ್ಟ. ಇವನು ಹೋದಾಗ ಕೇಳಲು ರೈತರೇ ಇರಲಿಲ್ಲ. ಹಾಗೇ ಲಕ್ಕುಂಡಿ ಬಾವಿಗಳನ್ನು ಅಳೆಯಬೇಕೆಂದರೆ ನೀರು ತಳ ಕಂಡಿರುವ ಬೇಸಿಗೆಯಲ್ಲಿ ಹೋಗಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವುದನ್ನು ನೋಡಿ ಬರೆಯಬೇಕೆಂದರೆ ಆಗಸ್ಟ್ 15ರ ಮುಂಚಿನ ತಿಂಗಳುಗಳಲ್ಲಿ ಕೆಲಸ ತುಂಬಿರುತ್ತದೆ, ಮೊದಲೇ ಅನುಮತಿ ಕೇಳಿ ಹೋಗಿ.

ಅಂಗಡಿಗೆ ಬರುವ ಮುಂಚೆ

ಇಮೇಲ್ ಐಡಿ ನಿಮ್ಮದೇ ಇರಲಿ. "ಕಿಂಗ್ ಮಂಜು ಡಿಬಾಸ್" ಎಂಬ ಐಡಿಯಿಂದ ವಿಜ್ಞಾನಿಗೆ ಪತ್ರ ಬರೆಯುವುದು ಬೇಡ. ಪಾಸ್‌ವರ್ಡ್ ನನಗೆ ಹೇಳಬೇಡಿ, ನೀವೇ ಒತ್ತಿ. ನಿಮ್ಮದೇ ನಂಬರ್ ಹಾಕಿ, ಆ ಸಿಮ್ ಮುಂದಿನ ಒಂದು ವರ್ಷ ಬದಲಿಸಬೇಡಿ.

ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಇದು ದೊಡ್ಡ ರಾಮಾಯಣ. ಆಧಾರಿನಲ್ಲಿ ಅಡ್ಡಹೆಸರು ಹಿಂದೆ, ಎಸ್‌ಎಸ್‌ಎಲ್‌ಸಿಯಲ್ಲಿ ಇಲ್ಲವೇ ಇಲ್ಲ. ಉಳ್ಳಾಗಡ್ಡಿ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದಿದ್ದನ್ನು ಒಂದೇ ಮನೆಯ ಕಾಗದಗಳಲ್ಲಿ ಕಂಡಿದ್ದೇನೆ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇದ್ದಂತೆಯೇ ಅರ್ಜಿ ತುಂಬಿ, ಆಧಾರ್ ಅದಕ್ಕೆ ಸರಿಯಾಗಿ ತಿದ್ದಿಸಿ.

ಸಹಿ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ, ಗೆರೆ ಹಾಳೆ ಬೇಡ. ಫೋಟೊ ಹೊಸದು, ಫಿಲ್ಟರ್ ಇಲ್ಲದ್ದು. ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಒಂದೇ ಪಿಡಿಎಫ್ ಮಾಡಿ ನಿಮ್ಮ ಮೇಲ್‌ಗೇ ಕಳಿಸಿಕೊಂಡು ಇಟ್ಟುಕೊಳ್ಳಿ. ಪೆನ್ ಡ್ರೈವ್ ನನ್ನ ಕಂಪ್ಯೂಟರಿನಲ್ಲಿ ಬಿಟ್ಟು ಹೋದವು ಒಂದು ಡಬ್ಬಿ ತುಂಬ ಇವೆ. ಫೈನಲ್ ರಿಸಲ್ಟ್ ತಡವಾದರೆ ಹೆದರಬೇಡಿ. ಪಾಸಾದ ದಾಖಲೆ ಕೊಡಲು ಐಐಟಿಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯವರೆಗೆ ಸಮಯ ಕೊಡುತ್ತವೆ. ಕಾಲೇಜಿನಿಂದ ಒಂದು ಪತ್ರ ಮಾಡಿಸಿಟ್ಟುಕೊಳ್ಳಿ.

ಎನ್‌ಪಿಟೆಲ್, ಅಂದರೆ ಐಐಟಿಗಳ ಆನ್‌ಲೈನ್ ಕೋರ್ಸ್ ಮಾಡುವವರಿಗೆ ಒಂದೇ ಮಾತು. ಸೇರುವುದು ಪುಕ್ಕಟೆ, ಜನವರಿ ಮತ್ತು ಜುಲೈ ಸರದಿಗಳಿವೆ. ಆದರೆ ಪರೀಕ್ಷೆಗೆ ಬೇರೆ ನೋಂದಣಿ, ಶುಲ್ಕ 1,000 ರೂಪಾಯಿ. ಆ ದಿನ ಕೋರ್ಸ್ ನಡೆಯುತ್ತಿರುವಾಗಲೇ ಮುಗಿದುಹೋಗುತ್ತದೆ. ಹನ್ನೆರಡು ವಾರ ಪಾಠ ಕೇಳಿ ಸರ್ಟಿಫಿಕೇಟ್ ಇಲ್ಲದೆ ಉಳಿದವರು ನಮ್ಮ ಓಣಿಯಲ್ಲೇ ಮೂರು ಜನ ಇದ್ದಾರೆ.

ಆ ರಾತ್ರಿ ಬಂದ ಹುಡುಗ ಮುಂದಿನ ವರ್ಷ ಮತ್ತೆ ಬಂದ. ಆಗಸ್ಟ್ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಮಾತಾಡದೆ ನೇರ ಕ್ಯಾಲೆಂಡರ್ ಹತ್ತಿರ ಹೋಗಿ ಅಕ್ಟೋಬರ್ ಹಾಳೆ ಎತ್ತಿದ. ಪೆನ್ಸಿಲ್ ಗುರುತು ನೋಡಿದ, ಬೆರಳಿನಿಂದ ಮೂರು ವಾರ ಹಿಂದಕ್ಕೆ ಎಣಿಸಿದ, ನನ್ನ ನೀಲಿ ಪೆನ್ನು ಕೇಳಿ ತಾನೇ ಗೆರೆ ಎಳೆದ. ಆಮೇಲೆ ಒಂದು ಹಾಳೆ ಪ್ರಿಂಟ್ ಕೊಟ್ಟೆ, ಸರ್‌ಗೆ ಕೊಡುವ ಹಾಳೆ. ಎರಡು ರೂಪಾಯಿ ಚಿಲ್ಲರೆ ಇರಲಿಲ್ಲ, ನಾಳೆ ಕೊಡ್ತೀನಿ ಅಂದ.

ಅಂಗಡಿ ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು. ಎಂಟರ ಮೇಲೆ ಬಂದರೆ ಝೆರಾಕ್ಸ್ ಮಾತ್ರ.